ಹೊರಗಿನ ಗಾಳಿಯ ಲಿವರ್

ಹಸಿ ಬೂದಿಯಂಥ ವಾಸನೆ. ಇವತ್ತು ಬೆಳಿಗ್ಗೆ ಬಂಗಾರಪೇಟೆಯಲ್ಲಿ ಎ.ಸಿ. ಮೆಕ್ಯಾನಿಕ್ಕು ನನ್ನ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ಹೊರಗೆಳೆದಾಗ ಗಪ್ಪಂತ ಮೂಗಿಗೆ ಹೊಡೆದದ್ದು ಅದೇ. ಗಾಳಿ ತಣ್ಣಗಾಗುವ ಆ ಜಾಲರಿಯ ತುಂಬ ಬೂದುಬಣ್ಣದ ಕೆಸರು ಮೆತ್ತಿಕೊಂಡಿತ್ತು. ಅವನು ಉಗುರಲ್ಲಿ ಕೆರೆದು ನನ್ನ ಮುಖದ ಮುಂದೆ ಹಿಡಿದು, "ಏನಣ್ಣಾ ಇದು, ಸೈನೈಡ್ ದಿಬ್ಬಾನೇ ಒಳಗಿಟ್ಕೊಂಡು ತಿರುಗ್ತಿದ್ದೀಯಲ್ಲ" ಅಂದ. ನಾನು ಎದುರಿನ ಟೀ ಅಂಗಡಿ ಬೆಂಚಿನ ಮೇಲೆ ಹೋಗಿ ಕೂತೆ. ಈ ಕೆಸರನ್ನು ಹಿಂದೆಯೂ ಒಂದು ಸಲ ನೋಡಿದ್ದೆ... ಇದೇ ಕಾರು, ಇದೇ ಮೆಕ್ಯಾನಿಕ್ಕು. ಆಗ ಮಾಮ ಇದ್ದ.

ಮಾಮ ಅಂದರೆ ರಕ್ತಸಂಬಂಧ ಏನಲ್ಲ. ಅವನ ಮನೆಮಾತು ತಮಿಳು, ನಾನು ಕಾಮಸಮುದ್ರದ ಕಡೆಯವನು. ನಮ್ಮಪ್ಪ ಊರಿಗಾಂನ ಗಣಿ ಕೆಲಸಗಾರರ ಲೈನುಮನೆಗಳಿಗೆ ಹಾಲು ಹಾಕುತ್ತಿದ್ದ ಕಾಲದಲ್ಲಿ ಮಾಮ ಅಲ್ಲಿನ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಕೆಲಸ ಮಾಡುತ್ತಿದ್ದ. ಹಾಲಿನ ಕ್ಯಾನು ಇಳಿಸಿದ ಮೇಲೆ ಅಪ್ಪನನ್ನು ಕೂರಿಸಿಕೊಂಡು ಕಾಫಿ ಕೊಡದೆ ಕಳಿಸಿದವನಲ್ಲ. ಅಪ್ಪ ಹೋದ ಮೇಲೆ, "ನಿಮ್ಮಪ್ಪ ಇಲ್ಲಾಂದ್ರೆ ನಾನಿಲ್ವೇನೋ ತಂಬಿ" ಅಂದಿದ್ದ. ಅಂದಷ್ಟೇ ಅಲ್ಲ, ಹಾಗೇ ನಡೆದುಕೊಂಡ. ನನ್ನ ಮದುವೆಗೆ ಹೆಣ್ಣು ನೋಡಲು ಬಂದವನು ಅವನು. ಬಾಡಿಗೆಗೆ ಓಡಿಸಲು ಈ ಕಾರು ತಂದ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟವನೂ ಅವನೇ.

ಗಣಿ ಮುಚ್ಚಿ ಎಷ್ಟೋ ಕಾಲವಾದ ಮೇಲೆ ಗಣಿಯ ಧೂಳು ಅವನ ಎದೆಯಲ್ಲಿ ಕೆಲಸ ಶುರು ಮಾಡಿತು. ಪುಪ್ಪುಸ ಕಲ್ಲಾಗಿದೆ, ವಾಸಿಯಾಗುವುದಲ್ಲ, ಉಸಿರು ಎಳೆಯೋದಕ್ಕೆ ಸುಲಭ ಮಾಡಬಹುದು ಅಷ್ಟೇ ಅಂದರು ಡಾಕ್ಟರು. ವಾರಕ್ಕೊಂದು ಸಲ ಕೋಲಾರದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಮುಂದೆ ಮಾಮ, ಹಿಂದಿನ ಸೀಟಿನಲ್ಲಿ ಆಕ್ಸಿಜನ್ ಸಿಲಿಂಡರನ್ನು ಮಗುವಿನ ಹಾಗೆ ತಬ್ಬಿಕೊಂಡು ಅವನ ಹೆಂಡತಿ, ನನಗೆ ಅತ್ತೆ.

ಬೇಸಿಗೆ ಬಂತಲ್ಲ, ಆಗ ಶುರುವಾಯ್ತು ಪಜೀತಿ. ಚಿನ್ನ ಸೋಸಿ ಮಿಕ್ಕ ಬಂಡೆಪುಡಿಯನ್ನು ಸುರಿದು ಸುರಿದು ಎಬ್ಬಿಸಿದ ಸೈನೈಡ್ ದಿಬ್ಬಗಳು ಗಣಿಯ ಸುತ್ತ ಗುಡ್ಡದ ಹಾಗೆ ನಿಂತಿವೆ. ಗಾಳಿ ಎದ್ದರೆ ಬೂದಿ ಎದ್ದ ಹಾಗೆ. ಕಿಟಕಿ ಇಳಿಸಿದರೆ ಆ ಪುಡಿ ನೇರ ಮಾಮನ ಎದೆಗೆ. ಏರಿಸಿದರೆ ಕಾದ ಹೆಂಚು, ಉಸಿರು ಕಟ್ಟಿ ಕಣ್ಣು ಮೇಲೆ ಹೋಗುತ್ತಿತ್ತು. ಅತ್ತ ದರಿ ಇತ್ತ ಪುಲಿ. ಬೇರೆಯವರಿಗೆ ಎ.ಸಿ. ಅಂದರೆ ಸೊಗಸು, ನಮ್ಮ ಮಾಮನಿಗೆ ಅದೇ ಉಸಿರು. ಅಂಥಾ ಎ.ಸಿ. ಉರಿಬಿಸಿಲಿನ ಏಪ್ರಿಲ್‌ನಲ್ಲಿ ತಣ್ಣಗೆ ಊದುವುದನ್ನೇ ನಿಲ್ಲಿಸಿತು! ದಾರಿಯುದ್ದಕ್ಕೂ ಅತ್ತೆ ಸೆರಗು ಒದ್ದೆ ಮಾಡಿ ಮಾಡಿ ಅವನ ಮುಖ ಒರೆಸುತ್ತಾ ಕೂತಿದ್ದಳು. ನನಗೆ ಕಾರನ್ನು ಕೆರೆಗೆ ತಳ್ಳಿಬಿಡೋಣ ಅನ್ನಿಸಿತು.

ಬರುವಾಗ ಬಂಗಾರಪೇಟೆಯಲ್ಲಿ ಈ ಮೆಕ್ಯಾನಿಕ್ಕನ ಹತ್ತಿರ ನಿಲ್ಲಿಸಿದೆ. ಬಾನೆಟ್ ಎತ್ತಿ ಕಿವಿಗೊಟ್ಟ. ಸ್ವಿಚ್ ಹಾಕಿದರೆ ಕಂಪ್ರೆಸರ್ ಟಕ್ ಅಂತ ಹಿಡಿಯುತ್ತಿತ್ತು. ಮುಂದಿನ ಫ್ಯಾನು ತಿರುಗುತ್ತಿತ್ತು. ಮೀಟರ್ ಹಾಕಿ ನೋಡಿದ, ಗ್ಯಾಸ್ ಇತ್ತು. ಪೈಪಿನ ಜಾಯಿಂಟುಗಳಿಗೆಲ್ಲ ಸೋಪಿನ ನೊರೆ ಹಚ್ಚಿದ, ಒಂದು ಗುಳ್ಳೆಯೂ ಏಳಲಿಲ್ಲ. "ಎಲ್ಲಾ ಸರಿಗೈತೆ, ತಣ್ಣಗೆ ಮಾತ್ರ ಬರಲ್ಲ. ಇದೇನ್ ಗ್ರಾಚಾರಾನೋ" ಅಂತ ತಲೆ ಕೆರೆದುಕೊಂಡ. ಕೊನೆಗೆ ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಕಂಡದ್ದು ಈ ಕೆಸರು. ಹೊರಗಿನ ಗಾಳಿಯ ಜೊತೆ ನುಗ್ಗಿದ ಧೂಳು ಕಾಯಿಲಿನ ತೇವಕ್ಕೆ ಅಂಟಿ ಸಿಮೆಂಟಿನ ಹಾಗೆ ಕೂತಿತ್ತು. "ಹೊರಗಡೆ ಗಾಳಿ ಎಳ್ಕೊಳ್ಳೋ ಲಿವರ್ ಯಾವಾಗ್ಲೂ ಮುಚ್ಚಿಡಣ್ಣಾ" ಅಂದ. ನಾನು ಮುಚ್ಚಿಯೇ ಇಡುತ್ತಿದ್ದೆನಲ್ಲ ಅಂದುಕೊಂಡೆ.

ತೊಳೆದು ಕೂರಿಸಿದ ಮೇಲೆ ಮಂಜಿನಂಥ ಗಾಳಿ. ಮಾಮನ ಮುಖ ನೋಡಬೇಕಿತ್ತು! ಆದರೆ ಮುಂದಿನ ವಾರ ದಿಬ್ಬದ ಪಕ್ಕ ಹೋಗುವಾಗ ಮತ್ತೆ ಬಿಸಿ ಗಾಳಿ. ನಾನು ಸಿಟ್ಟಿನಿಂದ ಕೆಳಗೆ ನೋಡಿದೆ. ಮಾಮನ ಕೈ ಆಗಷ್ಟೇ ಲಿವರ್ ಬಿಟ್ಟು ತೊಡೆಯ ಮೇಲೆ ಬರುತ್ತಿತ್ತು. ಸದ್ದಿಲ್ಲದೆ ಸರಿಯುವ ಲಿವರ್. ರಸ್ತೆ ನೋಡುವ ನನಗೆ ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

"ಮಾಮಾ! ಎದೆ ತುಂಬಾ ಧೂಳು ಸಾಲ್ದು ಅಂತ ಇದನ್ನೂ ಎಳ್ಕೊಂಡು ಕುಡೀತಿದ್ದೀಯಾ?" ಅಂತ ರೇಗಿಬಿಟ್ಟೆ. ಅವನು ತಪ್ಪು ಮಾಡಿದವನ ಹಾಗೇನೂ ನೋಡಲಿಲ್ಲ. ಉಸಿರು ಕೂಡಿಸಿಕೊಂಡು ಹೇಳಿದ:

"ಗಾಳಿ ದಾರಿ ಮುಚ್ಚಬಾರ್ದು ತಂಬಿ. ಮುಚ್ಚಿದ್ ಗಾಳೀಲಿ ಮನುಷ್ಯ ಉಳಿಯಲ್ಲ."

ಆಮೇಲೆ ತಡೆದು ತಡೆದು ಉಳಿದದ್ದನ್ನೂ ಹೇಳಿದ. ಒಂದು ದಿನ ಗಣಿಯ ಕೆಳಗೆ ಬಂಡೆ ಸಿಡಿದು ದಾರಿ ಮುಚ್ಚಿತಂತೆ. ಮಾಮ ಈಚೆ, ಜೊತೆಗಾರ ಆಚೆ. ಸಿಕ್ಕಿಹಾಕಿಕೊಂಡವರು ಪೈಪಿಗೆ ಬಡಿಯಬೇಕು, ಈಚೆಯವರು ತಿರುಗಿ ಬಡಿಯಬೇಕು, ನಾವಿದ್ದೀವಿ ಅಂತ. ಅದು ಗಣಿಯವರ ರೂಢಿ. "ಅವ್ನು ಬಡ್ದ, ನಾನು ಬಡ್ದೆ. ಬಂಡೆ ತೆಗೀತಾನೇ ಇದ್ವಿ... ಬಡ್ದ, ಬಡ್ದೆ. ಆಮೇಲೆ ನಾನು ಬಡ್ದೆ, ಅವ್ನು ಬಡೀಲಿಲ್ಲ. ಮೈ ಮೇಲೆ ಒಂದು ಗಾಯ ಇರ್ಲಿಲ್ಲ ತಂಬಿ. ಗಾಳಿ ಇರ್ಲಿಲ್ಲ, ಅಷ್ಟೇ."

ಹಿಂದೆ ಅತ್ತೆ ಅಳುತ್ತಿದ್ದಳು. ಆ ದಿಬ್ಬದ ಪುಡಿ ಬೇರೆ ಯಾವುದೂ ಅಲ್ಲ, ಅವನೇ ಕೊರೆದು ಮೇಲೆ ಕಳಿಸಿದ ಬಂಡೆ. ಅದು ಒಳಗೆ ಬರಬಾರದು ಅಂದರೆ ಲಿವರ್ ಮುಚ್ಚಬೇಕು, ಮುಚ್ಚಿದರೆ ಇವನ ಜೀವ ಬಾಯಿಗೆ ಬರುತ್ತೆ. ಯಾವ ಮೆಕ್ಯಾನಿಕ್ಕು ರಿಪೇರಿ ಮಾಡ್ತಾನೆ ಇದನ್ನ?

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದಿಬ್ಬಗಳು ದಾಟುವವರೆಗೆ ಮುಚ್ಚೋದು, ಬಂಗಾರಪೇಟೆ ಬಿಟ್ಟು ಮಾವಿನ ತೋಪು ಬಂದರೆ ತೆಗೆಯೋದು. ಮುಚ್ಚಿದಾಗ ಅವನು ಕಣ್ಣು ಮುಚ್ಚಿ ಡ್ಯಾಶ್‌ಬೋರ್ಡಿಗೆ ಬೆರಳಿನ ಗೆಣ್ಣಿಂದ ಟೊಕ್ ಟೊಕ್ ಬಡಿಯುತ್ತಿದ್ದ. ನಾನು ಸ್ಟೀರಿಂಗಿಗೆ ಬಡಿಯುತ್ತಿದ್ದೆ. ಆಗ ಅವನ ಬಿಗಿದ ಹೆಗಲು ಸಡಿಲವಾಗುತ್ತಿತ್ತು. ನೋಡಿದವರು ಇಬ್ಬರಿಗೂ ಹುಚ್ಚು ಅಂದಿರಬೇಕು. ಅನ್ನಲಿ ಬಿಡಿ, ಆ ಬೇಸಿಗೆ ನಾವು ಹಾಗೇ ದಿಬ್ಬ ದಾಟಿದೆವು.

ಕೊನೆಯ ಸಲ ಹೋದ ದಿನ ಗಾಳಿ ಜೋರಿತ್ತು. ಮಾಮ ತೀರಾ ಸೋತಿದ್ದ. ದಿಬ್ಬ ದಾಟಿ, ಬಂಗಾರಪೇಟೆ ದಾಟಿ, ತೋಪು ಬಂದಾಗ ನಾನು ಮಾತಿನಂತೆ ಲಿವರಿಗೆ ಕೈ ಹಾಕಿದೆ. ಅವನು ನನ್ನ ಕೈ ಹಿಡಿದುಕೊಂಡ.

"ಬೇಡ ತಂಬಿ. ಮುಚ್ಚೇ ಇರ್ಲಿ."

ನನಗೆ ಎಷ್ಟು ಖುಷಿಯಾಯಿತು ಅಂತೀರಿ! ಕೊನೆಗೂ ಭಯ ಬಿಟ್ಟ, ಇನ್ನು ಒಂದು ಚೂರು ಧೂಳು ಒಳಗೆ ಹೋಗಲ್ಲ, ಇನ್ನೊಂದೆರಡು ವರ್ಷ ಗ್ಯಾರಂಟಿ ಅಂತ ಅತ್ತೆ ಕಡೆ ತಿರುಗಿ ನಕ್ಕೆ. ಎ.ಸಿ. ತಣ್ಣಗೆ ಊದುತ್ತಿತ್ತು. ಮಾಮ ಟೊಕ್ ಟೊಕ್ ಬಡಿದ. ನಾನು ಬಡಿದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಬಡಿದ, ಮೆತ್ತಗೆ. ನಾನು ಬಡಿದೆ. ಕೋಲಾರ ಹತ್ತಿರ ಬಂದಾಗ ಅವನ ಸದ್ದಿಲ್ಲ ಅಂತ ನಾನೇ ಮೊದಲು ಬಡಿದೆ... ಇನ್ನೊಂದು ಸಲ ಬಡಿದೆ. ಹಿಂದಿನ ಸೀಟಿನಿಂದ ಅತ್ತೆ ಕೂಗಿದಳು.

ಮುಚ್ಚಿದ ಗಾಳಿಯಲ್ಲಿ ಮನುಷ್ಯ ಉಳಿಯಲ್ಲ ಅಂತ ಅವನೇ ಹೇಳಿದ್ದ. ಹೇಳಿದವನೇ ಮುಚ್ಚೇ ಇರಲಿ ಅಂದ. ಅದರ ಅರ್ಥ ನನಗೆ ಹೊಳೆದದ್ದು ಅವನನ್ನು ಮಣ್ಣು ಮಾಡಿ ಒಬ್ಬನೇ ಕಾರಿಗೆ ಬಂದು ಕೂತ ಮೇಲೆ. ಆವತ್ತು ಆ ಲಿವರನ್ನು ಹೊರಗಿನ ಗಾಳಿಗೆ ಸರಿಸಿದವನು ಇವತ್ತಿನವರೆಗೂ ಮುಚ್ಚಿಲ್ಲ. ಧೂಳು ಬರುತ್ತೆ ಅಂತ ಪ್ಯಾಸೆಂಜರುಗಳು ಬೈತಾರೆ, ಬೈಸಿಕೊಳ್ತೀನಿ.

ಟೀ ಆರಿಹೋಗಿತ್ತು. ಮೆಕ್ಯಾನಿಕ್ಕು ಕಾಯಿಲ್ ತೊಳೆದು ಕೂರಿಸಿ ಕೈ ಒರೆಸಿಕೊಳ್ಳುತ್ತಾ ಬಂದ. "ಅವತ್ತೇ ಹೇಳಿರ್ಲಿಲ್ವಾ ನಿಂಗೆ? ಇಷ್ಟು ವರ್ಷ ಆ ಲಿವರ್ ತೆಗ್ದಿಟ್ಟೋರು ಯಾರಣ್ಣಾ?" ಅಂತ ಕೇಳಿದ.

"ನಮ್ಮ ಮಾಮ" ಅಂದೆ.

ಮಾಮನ ಮಣ್ಣಿಗೆ ಅವನೂ ಬಂದಿದ್ದ. ನನ್ನ ಮುಖ ನೋಡಿದ. ಕಾರಿನ ಕೀಲಿ ನನ್ನ ಕೈಗಿಟ್ಟು ಒಳಗೆ ಹೋದ.