ಒಂಬತ್ತನೇ ಬೋಗಿಯ ಬಾಲ್ಜಿಯಾ ಮತ್ತು ಅವರ ಜೇಬಿನ ಕತ್ತರಿ

ಬೆಳಗಿನ ಐದೂವರೆ. ತರಾಜ್ ನಿಲ್ದಾಣಕ್ಕೆ ಇನ್ನು ಇಪ್ಪತ್ತು ನಿಮಿಷ. ಒಂಬತ್ತನೇ ಬೋಗಿಯ ತುದಿಯಲ್ಲಿ ಬಾಲ್ಜಿಯಾ ಮಂಡಿಯೂರಿ ಕೂತು ನೀರಿನ ಹಂಡೆಯ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದಾರೆ. ಬೆಂಕಿ ಹಿಡಿಯಿತೆಂದು ಖಾತ್ರಿಯಾದ ಮೇಲೆ ಕೈ ತೊಳೆದು, ನೀಲಿ ಸಮವಸ್ತ್ರದ ಗುಂಡಿ ಹಾಕಿಕೊಂಡು ಓಣಿಯಲ್ಲಿ ಹೊರಡುತ್ತಾರೆ. ಪ್ರಯಾಣಿಕರಿಗೆ ಕೋಣೆ, ಬಾಗಿಲುಗಳಿಲ್ಲದ ಅಗ್ಗದ ಬೋಗಿ ಇದು. ಮಲಗಲು ಐವತ್ನಾಲ್ಕು ಹಲಗೆಗಳು, ಓಣಿಗೆ ಚಾಚಿಕೊಂಡ ಪಾದಗಳು. ಬಾಲ್ಜಿಯಾ ಯಾರ ಮುಖವನ್ನೂ ನೋಡುವುದಿಲ್ಲ. ಹದಿನೇಳನೇ ಹಲಗೆಯ ತೂತು ಕಾಲುಚೀಲದಿಂದ ಇಣುಕುತ್ತಿರುವ ಹೆಬ್ಬೆರಳನ್ನು ಹಿಡಿದು ಎರಡು ಸಲ ಅಲುಗಿಸುತ್ತಾರೆ.

"ಏಳಪ್ಪಾ, ತರಾಜ್ ಬಂತು. ಹೆಂಡ್ತಿ ನೋಡೋಕೆ ಮೊದ್ಲು ಆ ಕಾಲುಚೀಲ ಬದಲಾಯಿಸ್ಕೋ."

ಹೆಬ್ಬೆರಳು ಸರಕ್ಕನೆ ಒಳಗೆ ಹೋಗುತ್ತದೆ. ಮೇಲಿನ ಹಲಗೆಯಲ್ಲಿ ಯಾರೋ ನಗುತ್ತಾರೆ. ಒಂಬತ್ತನೇ ಬೋಗಿಗೆ ಬೆಳಗಾಗುವುದು ಹೀಗೆ.

ಬಾಲ್ಜಿಯಾಗೆ ಐವತ್ತಾರು ವರ್ಷ. ಅಲ್ಮಾಟಿಯಿಂದ ಅಕ್ತೋಬೆಗೆ, ಅಲ್ಲಿಂದ ಮತ್ತೆ ಅಲ್ಮಾಟಿಗೆ, ಬೋಗಿಯ ಪರಿಚಾರಕಿಯಾಗಿ ಮೂವತ್ತೊಂದು ವರ್ಷಗಳಿಂದ ಇದೇ ಹಳಿ. ಬೋಗಿಯ ಈ ತುದಿಯಿಂದ ಆ ತುದಿಗೆ ಅವರ ಕಾಲಿಗೆ ಮೂವತ್ತೆಂಟು ಹೆಜ್ಜೆ, ದಿನಕ್ಕೆ ಕಡಿಮೆಯೆಂದರೂ ನೂರಿಪ್ಪತ್ತು ಸಲ. ಹಾಸಿಗೆ ಬಟ್ಟೆ ಹಂಚಬೇಕು, ಕಸ ಗುಡಿಸಬೇಕು, ನಾಲ್ಕು ಸಲ ಶೌಚಾಲಯ ತೊಳೆಯಬೇಕು, ಚಳಿಗಾಲದಲ್ಲಿ ನಿಲ್ದಾಣ ಬಂದಾಗಲೆಲ್ಲ ಕೆಳಗಿಳಿದು ಬೋಗಿಯಡಿಯ ಮಂಜುಗಡ್ಡೆಯನ್ನು ಕಬ್ಬಿಣದ ಸಲಾಕೆಯಿಂದ ಒಡೆಯಬೇಕು. ಗಂಡ ತೀರಿಕೊಂಡಾಗ ಮಗ ಯೆರ್ಮೆಕ್‌ಗೆ ನಾಲ್ಕು ವರ್ಷ. ನೋಡಿಕೊಳ್ಳುವವರು ಸಿಗದ ದಿನಗಳಲ್ಲಿ ಅವನೂ ಇದೇ ಬೋಗಿಯಲ್ಲಿ ಬೆಳೆದ.

"ಇಲ್ಲೇ ಕೂತು ಶಾಲೆಯ ಲೆಕ್ಕ, ಬರಹ ಎಲ್ಲಾ ಮಾಡ್ತಿದ್ದ. ಒಂದು ಪುಟದಲ್ಲಿ ಅರ್ಧ ಅಕ್ಷರ ಸೊಟ್ಟ, ಅರ್ಧ ನೆಟ್ಟಗೆ. ಯಾಕೆ ಹೀಗೆ ಅಂತ ಮೇಡಂ ನನ್ನ ಕರೆಸಿ ಕೇಳಿದ್ರು. ನೆಟ್ಟಗಿರೋದೆಲ್ಲ ನಿಲ್ದಾಣಗಳು ಮೇಡಂ, ಅಂದೆ."

ಪಾದಗಳ ಬಗ್ಗೆ ಕೇಳಿದರೆ ಅವರ ಮಾತು ನಿಲ್ಲುವುದಿಲ್ಲ. ಇಳಿಯುವ ಊರಿಗೆ ಒಂದು ಗಂಟೆ ಇರುವಾಗಲೇ ಬೂಟು ಬಿಗಿದುಕೊಂಡು ಕೂರುವವನಿಗೆ ಅಲ್ಲಿ ಯಾರೋ ಕಾಯುತ್ತಿದ್ದಾರೆ. ಗಾಡಿ ನಿಂತ ಮೇಲೂ ಚಪ್ಪಲಿ ಹುಡುಕುವವನಿಗೆ ಯಾರೂ ಇಲ್ಲ, ಅವನಿಗೆ ಇನ್ನೊಂದು ಲೋಟ ಚಹಾ ಕೊಟ್ಟು ಕಳಿಸಬೇಕು. ಅಲ್ಮಾಟಿಯಲ್ಲಿ ಕೆಳಗಿನ ಹಲಗೆಗಾಗಿ ಕಚ್ಚಾಡಿದ ಇಬ್ಬರು ತುರ್ಕಿಸ್ತಾನ್ ದಾಟುವಷ್ಟರಲ್ಲಿ ಒಂದೇ ಕೋಳಿಯನ್ನು ಹರಿದು ತಿನ್ನುತ್ತಿರುತ್ತಾರೆ.

"ಹತ್ತೋವಾಗ ಎಲ್ರೂ 'ಇದು ನನ್ನ ಜಾಗ' ಅಂತಾರೆ. ಇಳಿಯೋವಾಗ ಹೊದ್ದಿದ್ದ ದುಪ್ಪಟಿನೂ ಮಡಚಿ ನನ್ನ ಕೈಗೆ ಕೊಡ್ತಾರೆ. ಇಷ್ಟು ಗೊತ್ತಾಗೋಕೆ ನಂಗೆ ಹತ್ತು ವರ್ಷ ಬೇಕಾಯ್ತು. ಆಮೇಲೆ ಯಾರ ಮೇಲೂ ಕೂಗಾಡಿಲ್ಲ. ಸಿಗರೇಟು ಸೇದೋರ ಮೇಲೆ ಬಿಟ್ಟು."

ಮೂವತ್ತೊಂದು ವರ್ಷದ ಓಡಾಟ ಅವರ ನಡಿಗೆಯಲ್ಲಿ ಕೂತುಬಿಟ್ಟಿದೆ. ಗಟ್ಟಿ ನೆಲದ ಮೇಲೂ ಬಾತುಕೋಳಿಯಂತೆ ಅತ್ತಿತ್ತ ವಾಲುತ್ತಾರೆ. ಯೆರ್ಮೆಕ್‌ನ ಮದುವೆಯಲ್ಲಿ ಅವರು ಅಂಗಳ ದಾಟಿ ಬರುವುದನ್ನು ಕಂಡ ಬೀಗಿತ್ತಿ ರೌಶನ್, "ಬೀಗಿತ್ತಿಯವರು ಬೆಳಿಗ್ಗೆಯಿಂದಲೇ ಶುರು ಮಾಡಿದಾರಾ?" ಎಂದು ಪಕ್ಕದವರ ಕಿವಿಯಲ್ಲಿ ಕೇಳಿದರಂತೆ. ರೌಶನ್ ತರಾಜ್‌ನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಅವರ ಪಿಸುಮಾತು ಕೊನೆಯ ಬೆಂಚಿಗೂ ಕೇಳಿಸುತ್ತದೆ. ಮದುವೆಮನೆಗೆಲ್ಲ ಕೇಳಿಸಿತು.

ಈಗ ಮೊಮ್ಮಗ ತೊಕ್ತಾರ್ ನಡೆಯಲು ಶುರು ಮಾಡಿದ್ದಾನೆ. ನಮ್ಮಲ್ಲಿ ಮಗು ಹೆಜ್ಜೆಯಿಟ್ಟಾಗ ಅದರ ಕಾಲುಗಳಿಗೆ ಕಪ್ಪು ಬಿಳಿ ನೂಲಿನ ಹುರಿ ಕಟ್ಟಿ, ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ನಡೆಸುತ್ತಾರೆ. ಹುರಿ ಕತ್ತರಿಸಿದವರ ನಡಿಗೆ ಮಗುವಿಗೆ ಬರುತ್ತದೆ. ಹಾಗಾಗಿ ಯಾರನ್ನು ಕರೆಯುವುದೆಂದು ಮನೆಮನೆಗಳಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಕರೆ ಬಂದರೆ ಹೋಗಬೇಕು. ತಾನಾಗಿ ಕೇಳುವ ಹಾಗಿಲ್ಲ. ಸೊಸೆ ಜಾದಿರಾ ತನ್ನ ತಾಯಿ ರೌಶನ್‌ರನ್ನು ಕರೆದಳು. ಬೆತ್ತದಂತೆ ನೆಟ್ಟಗೆ ನಡೆಯುವ ಹೆಂಗಸು, ಯಾರೂ ತಪ್ಪು ಹೇಳುವಂತಿಲ್ಲ.

ಬಾಲ್ಜಿಯಾ ಕೂಡ ಹೇಳಲಿಲ್ಲ. ಆದರೆ ಅವರ ಸಮವಸ್ತ್ರದ ಎಡ ಜೇಬಿನಲ್ಲಿ ಎರಡು ತಿಂಗಳಿಂದ ಒಂದು ಹೊಸ ಕತ್ತರಿ ಇದೆ. ಕೆಂಪು ಪಟ್ಟಿ ಸುತ್ತಿಟ್ಟಿದ್ದಾರೆ. "ಚಹಾಪುಡಿ ಪೊಟ್ಟಣ ಕತ್ತರಿಸೋಕೆ" ಎನ್ನುತ್ತಾರೆ. ಆ ಪೊಟ್ಟಣಗಳನ್ನು ಅವರು ಹಲ್ಲಿನಿಂದ ಹರಿಯುವುದನ್ನು ಇಡೀ ಬೋಗಿ ನೋಡುತ್ತಿದೆ.

ಸಮಾರಂಭ ಇವತ್ತೇ, ಈ ಭಾನುವಾರ. ಜೊತೆಗಾರ್ತಿ ಕಾಲು ಉಳುಕಿಸಿಕೊಂಡು ಮಲಗಿದ್ದರಿಂದ ಬಾಲ್ಜಿಯಾಗೆ ರಜೆ ಸಿಕ್ಕಿಲ್ಲ. ಮಗನೇ ಒಂದು ದಾರಿ ಹುಡುಕಿದ್ದಾನೆ: ಗಾಡಿ ತಾನಿರುವ ಕಿಜಿಲೋರ್ಡಾದಲ್ಲಿ ಹದಿನೆಂಟು ನಿಮಿಷ ನಿಲ್ಲುತ್ತದೆ, ಹುರಿ ಕತ್ತರಿಸುವುದನ್ನು ಪ್ಲಾಟ್‌ಫಾರ್ಮಿನಲ್ಲೇ ಮುಗಿಸಿದರೆ ಅಮ್ಮ ನೋಡಬಹುದು, ಊಟ ಮನೆಯಲ್ಲಿ. ಹಾಗೆಂದೇ ರೌಶನ್ ಇದೇ ಗಾಡಿ ಹಿಡಿಯುತ್ತಿದ್ದಾರೆ.

ತರಾಜ್‌ನಲ್ಲಿ ಅವರು ಏಳು ಚೀಲಗಳೊಂದಿಗೆ ಹತ್ತುತ್ತಾರೆ. ಬಾಲ್ಜಿಯಾ ಚೀಲಗಳನ್ನು ಒಳಗೆಳೆದು, ಕೆಳಗಿನ ಹಲಗೆಯಲ್ಲಿ ಕೂರಿಸಿ, "ಬೀಗಿತ್ತೀ, ಕೂತ್ಕೊಳ್ಳಿ, ಚಹಾ ತರ್ತೀನಿ" ಎನ್ನುತ್ತಾರೆ.

"ಬೇಡ ಬೇಡ. ನೀವು ಕೆಲಸದ ಮೇಲಿದ್ದೀರಿ. ಚಹಾ ತಂದುಕೊಳ್ಳೋಕೆ ನಂಗೇನು ಕಾಲಿಲ್ವಾ?"

"ಓಣಿ ಸ್ವಲ್ಪ ಅಲುಗುತ್ತೆ."

"ನಲವತ್ತು ಹುಡುಗರ ತರಗತಿಗಿಂತ ಹೆಚ್ಚಾ?"

ರೌಶನ್ ತುದಿಯ ಹಂಡೆಯಿಂದ ಲೋಟದ ತುಂಬ ಚಹಾ ಹಿಡಿದು ಹೊರಡುತ್ತಾರೆ. ಆರನೇ ಹೆಜ್ಜೆಗೆ ಗಾಡಿ ತಿರುವು ತೆಗೆದುಕೊಳ್ಳುತ್ತದೆ. ಮುಖ್ಯೋಪಾಧ್ಯಾಯಿನಿ ಒಬ್ಬ ಸೈನಿಕನ ಮಂಡಿಯ ಮೇಲೆ ಕೂತು, ಎದ್ದು, ಕ್ಷಮೆ ಕೇಳಿ, ಮತ್ತೆ ಅದೇ ಮಂಡಿಯ ಮೇಲೆ ಕೂರುತ್ತಾರೆ. "ಸೀಟು ಇಷ್ಟ ಆಯ್ತಾ ಅಕ್ಕಾ?" ಎಂದು ಮೇಲಿನ ಹಲಗೆಯ ಮುದುಕರೊಬ್ಬರು ಕೇಳುತ್ತಾರೆ. ಇಪ್ಪತ್ತನೇ ಹೆಜ್ಜೆಯಲ್ಲಿ ಚಾಲಕ ಬ್ರೇಕ್ ಹಾಕುತ್ತಾನೆ. ಎರಡೂ ಕೈಯಲ್ಲಿ ಮೂರು ಮೂರು ಚಹಾ ಲೋಟ ಹಿಡಿದು ಮುಂದೆ ನಡೆಯುತ್ತಿದ್ದ ಬಾಲ್ಜಿಯಾ, ಮುಂದಕ್ಕೆ ಮುಗ್ಗರಿಸಿದ ಬೀಗಿತ್ತಿಯನ್ನು ಹೆಗಲು ಕೊಟ್ಟು ನಿಲ್ಲಿಸುತ್ತಾರೆ. ಆರು ಲೋಟಗಳಲ್ಲಿ ಒಂದು ಹನಿಯೂ ತುಳುಕುವುದಿಲ್ಲ. ರೌಶನ್ ತಮ್ಮ ಜಾಗ ಮುಟ್ಟಿದಾಗ ಲೋಟದಲ್ಲಿ ಅರ್ಧ ಮಾತ್ರ ಉಳಿದಿದೆ, ಉಳಿದರ್ಧ ಅವರ ಹಬ್ಬದ ರೇಷ್ಮೆ ಬಟ್ಟೆಯ ಮೇಲೆ.

ಬಾಲ್ಜಿಯಾ ಉಪ್ಪು ಸವರಿದ ಒದ್ದೆ ಬಟ್ಟೆ ತಂದು ಕೊಡುತ್ತಾರೆ. ನಗುವುದಿಲ್ಲ. ಆದರೆ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಒಳಗಿನಿಂದ ಏನೋ ಸದ್ದು ಬರುತ್ತದೆ. ಶಿಮ್ಕೆಂಟ್‌ವರೆಗೂ ರೌಶನ್ ಓಣಿಯತ್ತಲೇ ನೋಡುತ್ತಾ ಕೂತಿದ್ದಾರೆ.

ಮಧ್ಯಾಹ್ನ ಎರಡಕ್ಕೆ ಕಿಜಿಲೋರ್ಡಾ. ಪ್ಲಾಟ್‌ಫಾರ್ಮಿನಲ್ಲಿ ಬಿಳಿ ಬಟ್ಟೆ ಹಾಸಿದೆ. ಯೆರ್ಮೆಕ್ ಗಡಿಯಾರ ಹಿಡಿದು ನಿಂತಿದ್ದಾನೆ. ತೊಕ್ತಾರ್‌ನ ಕಾಲಿಗೆ ಹುರಿ ಕಟ್ಟಿ ಆಗಿದೆ, ಅವನು ಅದನ್ನು ಬಾಯಿಗೆ ತರುವ ಪ್ರಯತ್ನದಲ್ಲಿದ್ದಾನೆ. ಬಾಲ್ಜಿಯಾ ಬೋಗಿಯ ಬಾಗಿಲ ಬಳಿಯೇ ನಿಂತಿದ್ದಾರೆ. ಅಲ್ಲಿಂದ ಅವರು ಕದಲುವಂತಿಲ್ಲ. ಅದು ಗೊತ್ತಿದ್ದೇ ಮನೆಯವರು ಬಟ್ಟೆಯನ್ನು ಬಾಗಿಲಿನವರೆಗೂ ಎಳೆದಿದ್ದಾರೆ.

"ಅಮ್ಮಾ, ಕತ್ತರಿ ತೆಗಿ" ಎನ್ನುತ್ತಾಳೆ ಜಾದಿರಾ.

ರೌಶನ್ ಒಂದನೇ ಚೀಲ ತೆರೆಯುತ್ತಾರೆ. ಮಿಠಾಯಿ. ಎರಡನೆಯದು, ಕುದುರೆ ಮಾಂಸ. ಮೂರನೆಯದು, ಉಣ್ಣೆಯ ಪುಟ್ಟ ಬೂಟುಗಳು. ಏಳನೆಯದನ್ನೂ ಕೊಡವಿದ ಮೇಲೆ ಅವರಿಗೆ ನೆನಪಾಗುತ್ತದೆ. ಕತ್ತರಿ ತರಾಜ್‌ನ ಅಡುಗೆಮನೆಯ ಮೇಜಿನ ಮೇಲಿದೆ.

"ಇನ್ನು ಹನ್ನೊಂದು ನಿಮಿಷ" ಎನ್ನುತ್ತಾನೆ ಯೆರ್ಮೆಕ್.

ಬಾಲ್ಜಿಯಾರ ಕೈ ತಾನಾಗಿಯೇ ಎಡ ಜೇಬಿಗೆ ಹೋಗುತ್ತದೆ. ಕೆಂಪು ಪಟ್ಟಿಯ ಕತ್ತರಿಯನ್ನು ತೆಗೆದು ಬೀಗಿತ್ತಿಗೆ ನೀಡುತ್ತಾರೆ. ರೌಶನ್ ಕತ್ತರಿಯನ್ನು ನೋಡುತ್ತಾರೆ, ಪಟ್ಟಿಯನ್ನು ನೋಡುತ್ತಾರೆ.

"ಎಷ್ಟು ದಿನದಿಂದ ಇಟ್ಕೊಂಡಿದ್ದೀರಿ?"

"ಚಹಾಪುಡಿ ಪೊಟ್ಟಣ—"

"ಸುಳ್ಳು!" ಬೋಗಿಯ ಕಿಟಕಿಯಿಂದ ಮೇಲಿನ ಹಲಗೆಯ ಮುದುಕರು ಕೂಗುತ್ತಾರೆ. "ಹಲ್ಲಲ್ಲಿ ಹರೀತಾಳೆ!"

ರೌಶನ್ ತಮ್ಮ ಬಟ್ಟೆಯ ಮೇಲಿನ ಚಹಾ ಕಲೆಯನ್ನೊಮ್ಮೆ ನೋಡಿಕೊಳ್ಳುತ್ತಾರೆ. ಕತ್ತರಿಯನ್ನು ಬಾಲ್ಜಿಯಾರ ಅಂಗೈಯಲ್ಲಿಟ್ಟು ಬೆರಳು ಮಡಚುತ್ತಾರೆ.

"ಅರ್ಧ ಲೋಟ ಚೆಲ್ಲಿದವಳು ನಾನು. ಆರು ಲೋಟ ಉಳಿಸಿದವಳು ನೀನು. ಕತ್ತರಿಸು ಬೀಗಿತ್ತೀ, ಗಾಡಿ ಹೊರಡುತ್ತೆ."

ಜಾದಿರಾ ಅತ್ತೆಯ ಮುಂದೆ ಬಂದು, ಕರೆಯುವವರು ಬಾಗುವಂತೆ ಬಾಗುತ್ತಾಳೆ. "ಬನ್ನಿ ಅತ್ತೇ" ಎನ್ನುತ್ತಾಳೆ. ಬಾಲ್ಜಿಯಾ ಬಾಗಿಲ ಬಳಿ ಮಂಡಿಯೂರುತ್ತಾರೆ, ಮುಂಜಾನೆ ಒಲೆಯ ಮುಂದೆ ಊರಿದ ಹಾಗೆಯೇ. ಕತ್ತರಿ ಒಮ್ಮೆ ಸದ್ದು ಮಾಡುತ್ತದೆ. ಕಿಟಕಿಗಳಿಂದ ಕೇಕೆ, ತಲೆಯ ಮೇಲೆ ಮಿಠಾಯಿ ಮಳೆ. ಸೈನಿಕ ತನ್ನ ಟೋಪಿಯಲ್ಲೇ ಹಿಡಿಯುತ್ತಾನೆ. ತೊಕ್ತಾರ್ ಅಜ್ಜಿಯ ಕೈ ಹಿಡಿದು ಅತ್ತ ವಾಲಿ, ಇತ್ತ ವಾಲಿ, ಬೀಳದೆ ಏಳು ಹೆಜ್ಜೆ ನಡೆಯುತ್ತಾನೆ.

ಗಾಡಿ ಹೊರಟು ಕಾಲು ಗಂಟೆಯಾದರೂ ಬಾಲ್ಜಿಯಾರ ಕೂದಲಲ್ಲಿ ಒಂದು ಮಿಠಾಯಿ ಸಿಕ್ಕಿಕೊಂಡಿದೆ. ಮುಂದಿನ ಆಸೆ ಏನೆಂದು ಕೇಳಿದರೆ ಯೋಚಿಸುತ್ತಾರೆ.

"ಅವ್ನು ಒಂದ್ಸಲ ನನ್ನ ಬೋಗೀಲಿ ಬರ್ಲಿ. ಈ ಓಣೀಲಿ ಅವ್ನಿಗೆ ಎಷ್ಟು ಹೆಜ್ಜೆ ಆಗುತ್ತೆ ಅಂತ ಎಣಿಸ್ಬೇಕು."

ಅಷ್ಟು ಹೇಳಿ, ಹೊಸ ಚಹಾಪುಡಿ ಪೊಟ್ಟಣ ಕೈಗೆತ್ತಿಕೊಳ್ಳುತ್ತಾರೆ. ಎಡ ಜೇಬಿನ ಕತ್ತರಿಯನ್ನು ಮುಟ್ಟಿ ನೋಡಿ, ಹಲ್ಲಿನಿಂದಲೇ ಹರಿಯುತ್ತಾರೆ.