ಅಂಬುಜಾ ತೆಗೆದ ಗೆರೆ

ವಿಜಯನಗರದ ಆ ಖಾಸಗಿ ಕಾಲೇಜಿನ ಕಚೇರಿಯಲ್ಲಿ ಅಂಬುಜಾ ಇಪ್ಪತ್ತೆರಡು ವರ್ಷದಿಂದ ಟೈಪಿಸ್ಟ್. ರಾಜಾಜಿನಗರದ ಇನ್‌ಸ್ಟಿಟ್ಯೂಟ್ ಒಂದರಲ್ಲಿ ಟೈಪಿಂಗ್ ಸೀನಿಯರ್ ಪಾಸು ಮಾಡಿದವಳು. ಕಂಪ್ಯೂಟರನ್ನು ಯಾರೂ ಕಲಿಸಲಿಲ್ಲ, ತಪ್ಪು ಮಾಡಿ ಮಾಡಿಯೇ ಕಲಿತಳು. ಬೇರೆಯವರ ಫೈಲಿನ ಕೊಳೆ ತೊಳೆಯುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಇಂಟರ್‌ನೆಟ್ಟಿನಿಂದ ಎತ್ತಿ ತಂದ ಪ್ಯಾರಾಕ್ಕೆ ಅಂಟಿಕೊಂಡ ಬೂದು ಬಣ್ಣವಿರಲಿ, ಏನು ಮಾಡಿದರೂ ಅಳಿಯದ ಖಾಲಿ ಪುಟವಿರಲಿ, ಮೇಷ್ಟ್ರುಗಳು ಅವಳ ಮೇಜಿಗೇ ಬರುತ್ತಿದ್ದರು.

ಹೊಸ ಆಡಳಿತಾಧಿಕಾರಿ ನಾಗಭೂಷಣ್ ಬಂದ ಮೊದಲ ವಾರವೇ ಎಲ್ಲರೆದುರು ಕೇಳಿದ: "ಟೈಪ್ ಮಾಡೋದೂ ಒಂದು ಕೆಲಸಾನಾ? ನನ್ನ ಮಗಳು ಏಳನೇ ಕ್ಲಾಸು, ಅವಳೂ ಮಾಡ್ತಾಳೆ." ಕಚೇರಿ ನಕ್ಕಿತು. ಅಂಬುಜಾನೂ ನಕ್ಕಳು, ನಗದೆ ಇನ್ನೇನು ಮಾಡುವುದು.

ಆಮೇಲೆ ಕಾಲೇಜಿನ ಮಾನ್ಯತೆ ನೋಡಲು ಬರುವ ಪರಿಶೀಲನಾ ಸಮಿತಿಗೆ ಕೊಡುವ ವರದಿಯ ಕೆಲಸ ಬಂತು. ಹನ್ನೊಂದು ವಿಭಾಗದವರು ಹನ್ನೊಂದು ರೀತಿಯಲ್ಲಿ ಬರೆದದ್ದನ್ನು ಒಂದೇ ಫೈಲಿಗೆ ಸುರಿದಿದ್ದರು. ನೂರ ತೊಂಬತ್ತು ಪುಟ. ಅಂಬುಜಾ ಎರಡು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಅದನ್ನು ತಿದ್ದಿದಳು. ಪಕ್ಕದಲ್ಲಿ ರಂಜಿನಿ ಇದ್ದಳು. ಜೂನ್‌ನಲ್ಲಿ ಗುತ್ತಿಗೆಯ ಮೇಲೆ ಸೇರಿದ ಹುಡುಗಿ, ಹೊಸಹಳ್ಳಿಯವಳು. "ಅವಳಿಗೂ ಎಲ್ಲಾ ಹೇಳ್ಕೊಡಿ" ಅಂದಿದ್ದ ನಾಗಭೂಷಣ್. ಕಲಿಸು ಅಂತ ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಅಂಬುಜಾ ಗುಟ್ಟು ಇಟ್ಟುಕೊಳ್ಳದೆ ಹೇಳಿಕೊಟ್ಟಳು. ರಂಜಿನಿ "ಹೂಂ ಆಂಟಿ, ಹೂಂ ಆಂಟಿ" ಅನ್ನುತ್ತಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ವರದಿ ಮುಗಿದ ಮಾರನೆಯ ದಿನ ನಾಗಭೂಷಣ್ ಇಂಟರ್‌ಕಾಮಿನಲ್ಲಿ ಕರೆದ. "ಒಂದು ಲೆಟರ್ ಕಳ್ಸಿದೀನಿ. ಮಧ್ಯದಲ್ಲಿ ಒಂದು ಗೆರೆ ಬಂದ್ಬಿಟ್ಟಿದೆ, ಡಿಲೀಟ್ ಒತ್ತಿದ್ರೂ ಹೋಗ್ತಿಲ್ಲ. ಸರಿಮಾಡಿ ಎರಡು ಪ್ರಿಂಟ್ ತಗೊಂಡು ಬನ್ನಿ."

ಫೈಲು ತೆರೆದಳು. 'ಶ್ರೀಮತಿ ಅಂಬುಜಾ ಇವರಿಗೆ' ಎಂದಿತ್ತು. ಅದರ ಕೆಳಗೆ ಆ ಗೆರೆ. ಗೆರೆಯ ಕೆಳಗೆ, ಟೈಪಿಸ್ಟ್ ಹುದ್ದೆಯನ್ನು ರದ್ದುಪಡಿಸಿರುವುದರಿಂದ ಈ ತಿಂಗಳ ಕೊನೆಯ ದಿನ ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಲಾಗುವುದು ಎಂದು ಬರೆದಿತ್ತು.

ತಪ್ಪಿ ಬಂದಿರಬೇಕು ಅಂದುಕೊಂಡು ಅವನ ಕೋಣೆಯ ಬಾಗಿಲಿಗೆ ಹೋದಳು.

"ಗೆರೆ ಹೋಯ್ತಾ?" ಅಂದ ಅವನು, ತಲೆ ಎತ್ತದೆ.

"ಸಾರ್, ಇದು ನನ್ನ..."

"ಗೊತ್ತಮ್ಮ. ನಿಮಗಿಂತ ಚೆನ್ನಾಗಿ ಇನ್ಯಾರು ಮಾಡ್ತಾರೆ? ಮೊದ್ಲು ಗೆರೆ ತೆಗೀರಿ, ಆಮೇಲೆ ಮಾತಾಡೋಣ."

ಅಂಬುಜಾ ವಾಪಸ್ಸು ಬಂದು ಕೂತಳು. ಯಾರೋ ಮೂರು ಅಡ್ಡಗೀಟು ಹೊಡೆದು ಎಂಟರ್ ಒತ್ತಿದ್ದರು, ಯಂತ್ರ ತಾನೇ ಅದನ್ನು ಬಾರ್ಡರ್ ಮಾಡಿಬಿಟ್ಟಿತ್ತು. ಅಕ್ಷರವಲ್ಲದ್ದು ಡಿಲೀಟಿಗೆ ಎಲ್ಲಿ ಹೋಗುತ್ತದೆ? ಮೇಲಿನ ಸಾಲಿಗೆ ಹೋಗಿ 'ನೋ ಬಾರ್ಡರ್' ಒತ್ತಿದಳು. ಗೆರೆ ಮಾಯವಾಯಿತು. ಎರಡನೆಯ ಪ್ಯಾರಾದ ಅಕ್ಷರ ಕೊಂಚ ಚಿಕ್ಕದಿತ್ತು. ಯಾರೂ ಹೇಳದಿದ್ದರೂ ಅದನ್ನೂ ಸರಿಮಾಡಿದಳು. ಎರಡು ಪ್ರಿಂಟ್ ತೆಗೆದು ಒಂದರ ಮೇಲೆ 'ಸ್ವೀಕರಿಸಿದೆ' ಎಂದು ಸಹಿ ಹಾಕಿ ಕೊಟ್ಟಳು. ಅವನು ಪತ್ರವನ್ನು ಬೆಳಕಿಗೆ ಹಿಡಿದು ನೋಡಿದ. "ನೀಟಾಗಿದೆ" ಅಂದ. ಅಷ್ಟೇ ಮಾತು.

ಕೆಲಸ ಬಿಟ್ಟ ಮೇಲೆ ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ಅಂಬುಜಾಗೆ ಹೊತ್ತು ಹೋಗುತ್ತಿರಲಿಲ್ಲ. ಒಗ್ಗರಣೆಯ ಕರಿಬೇವು ಕೂಡ ತಟ್ಟೆಯ ಅಂಚಿನವರೆಗೆ ಬರುತ್ತೆ, ನನ್ನನ್ನು ಪಾತ್ರೆಯಿಂದಲೇ ಎತ್ತಿ ಬಿಸಾಕಿದರು ಅಂತ ಒಬ್ಬಳೇ ಗೊಣಗಿಕೊಳ್ಳುತ್ತಿದ್ದಳು. ಹೀಗಿರುವಾಗ ಒಂದು ಮಧ್ಯಾಹ್ನ, ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದಾಗ, ರಂಜಿನಿಯ ಫೋನು ಬಂತು.

"ಆಂಟಿ, ನಾಳೆ ಸಮಿತಿಯವರು ಬರ್ತಿದಾರೆ. ಸಾರ್ ಈಗ ಎರಡು ಪ್ಯಾರಾ ಸೇರಿಸಿದ್ರು, ಆ ಪುಟ ಪೂರ್ತಿ ನೀಲಿ ಅಕ್ಷರ ಆಗ್ಬಿಟ್ಟಿದೆ. ಏನ್ಮಾಡ್ಲಿ?"

ಆ ಪುಟವನ್ನಷ್ಟೇ ಹಿಡಿದು ಎರಡು ಕೀ ಒತ್ತಿದರೆ ಮುಗಿಯುವ ಕೆಲಸ. ಅಂಬುಜಾ ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಫೋನಿನೊಳಗೆ ನಾಗಭೂಷಣನ ದನಿ ಕೇಳಿಸಿತು: "ಕೇಳು ಕೇಳು, ಬಿಟ್ಟಿಯಾಗಿ ಹೇಳ್ತಾಳೆ. ಮನೇಲಿ ಅವಳಿಗೇನು ಕೆಲಸ?"

ಅಂಬುಜಾ ಚಾಕು ಕೆಳಗಿಟ್ಟಳು.

"ಪೂರ್ತಿ ಫೈಲ್ ಸೆಲೆಕ್ಟ್ ಮಾಡು ರಂಜಿನಿ. ಕಂಟ್ರೋಲ್, ಶಿಫ್ಟ್, ಎನ್ ಒತ್ತು. ಸೇವ್ ಮಾಡಿ ತಕ್ಷಣ ಮುಚ್ಚಿಬಿಡು. ಆಮೇಲೆ ತೆಗಿ."

"ಪೂರ್ತೀನಾ? ನೋಡ್ಕೊಳ್ದೇನೇ ಮುಚ್ಚಲಾ ಆಂಟಿ?"

"ನೋಡ್ತಾ ಕೂತ್ರೆ ಹ್ಯಾಂಗ್ ಆಗುತ್ತೆ ಕಣೇ. ಮುಚ್ಚು."

"ದೇವರ ಹಾಗೆ ಸಿಕ್ರಿ ಆಂಟಿ" ಅಂದಳು ರಂಜಿನಿ.

ಹಾಗೆ ಒತ್ತಿದರೆ ನೂರ ತೊಂಬತ್ತು ಪುಟದಲ್ಲಿ ತಲೆಬರಹ ಯಾವುದು, ಸಾಲು ಯಾವುದು ಗೊತ್ತಾಗದ ಹಾಗೆ ಎಲ್ಲ ಒಂದೇ ಮುದ್ದೆಯಾಗುತ್ತದೆ, ವಿಷಯಸೂಚಿ ಬರಿದಾಗುತ್ತದೆ, ಫೈಲು ಮುಚ್ಚಿದ ಮೇಲೆ ಹಿಂದಕ್ಕೆ ಹೋಗುವ ದಾರಿಯಿಲ್ಲ, ಬೇರೆ ಪ್ರತಿಯೂ ಇಲ್ಲ. ಇದೆಲ್ಲ ಅಂಬುಜಾಗೆ ಚೆನ್ನಾಗಿ ಗೊತ್ತಿತ್ತು. ಸಮಿತಿಯ ಮುಂದೆ ಬೆವರುವ ನಾಗಭೂಷಣನನ್ನು ನೆನೆಸಿಕೊಂಡಳು. ಆ ದಿನ ಹೊಟ್ಟೆ ತುಂಬಾ ಉಂಡಳು.

ನಾಗಭೂಷಣ್ ಬೆವರಲಿಲ್ಲ. ಟೈಪಿಸ್ಟ್ ಹುಡುಗಿಯ ಎಡವಟ್ಟು ಎಂದು ಸಮಿತಿಯ ಎದುರಿಗೇ ರಂಜಿನಿಯನ್ನು ನಿಲ್ಲಿಸಿ ಬೈದ, ಹತ್ತು ದಿನದ ಅವಕಾಶ ಕೇಳಿಕೊಂಡ, ಕೆಲಸವನ್ನು ಹೊರಗಿನವರಿಗೆ ಕೊಟ್ಟ. ರಂಜಿನಿಯ ಗುತ್ತಿಗೆ ಅಂದೇ ಮುಗಿಯಿತು.

ಇದನ್ನು ಅಂಬುಜಾಗೆ ಹೇಳಿದವಳು ರಂಜಿನಿಯೇ. ಭಾನುವಾರ ಮನೆ ಹುಡುಕಿಕೊಂಡು ಬಂದಿದ್ದಳು, ಎಲ್ಲಾದರೂ ಕೆಲಸ ಗೊತ್ತಿದ್ದರೆ ಹೇಳಿ ಅಂತ ಕೇಳಲು. ಅತ್ತು ಅತ್ತು ಮುಖ ಊದಿತ್ತು. ಅಂಬುಜಾ ಕಾಫಿ ಮಾಡಿ ಕೊಟ್ಟಳು.

"ಸಾರ್ ಕೇಳಿದ್ರೂ ತಪ್ಪು ನಿಮ್ಮದು ಅನ್ಲಿಲ್ಲ ಆಂಟಿ," ಅಂದಳು ರಂಜಿನಿ. "ನೀವು ಸರಿಯಾಗೇ ಹೇಳಿರ್ತೀರ. ನಾನೇ ಗಾಬರೀಲಿ ತಪ್ಪಾಗಿ ಕೇಳಿಸ್ಕೊಂಡೆ ಅನ್ಸುತ್ತೆ."

ಅಂಬುಜಾ ಅವಳ ಲೋಟದ ಕಡೆ ನೋಡಿದಳು.

"ಇರಬೇಕು ಕಣೇ," ಅಂದಳು. "ನೀನು ಯಾವಾಗ್ಲೂ ಆತುರ."