ಚಿಕ್ಕಪ್ಪನ ದೋಣಿಗೊಂದು ತೂತು

ನಮ್ಮ ಚಿಕ್ಕಪ್ಪ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮೊಟ್ಟೆಯನ್ನೂ ಮುಟ್ಟದವರು. ಹುಚ್ಚು ಮಾತ್ರ ಮೀನಿನದು. ಹಿನ್ನೀರಿಗೆ ಹೋಗಿ ಗಾಳ ಹಾಕುವುದು, ಸಿಕ್ಕ ಮೀನನ್ನು ತೂಗಿ ಫೋಟೊ ತೆಗೆದು ಮತ್ತೆ ನೀರಿಗೇ ಬಿಡುವುದು. ಎರಡು ಸಾವಿರದ ಇಸವಿಯ ಆಚೀಚೆ ಅವರೊಂದು ಪುಟ್ಟ ಫೈಬರ್ ದೋಣಿ ಕೊಂಡಾಗ, ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ಅಜ್ಜಿ ಒಂದೇ ಷರತ್ತು ಹಾಕಿದರು: "ಒಂದು ಮೀನು ಸತ್ರೂ ದೋಣಿ ಮಾರ್ಬುಡ್ಬೇಕು ಕಣೋ."

ಚಿಕ್ಕಪ್ಪ ದೋಣಿಯೊಳಗೆ ಮೀನಿಗೆಂದೇ ಒಂದು ತೊಟ್ಟಿ ಕೂರಿಸಿದರು. ಅದಕ್ಕೆ ಹೊಸ ನೀರು ಬರುತ್ತಲೇ ಇರಬೇಕು, ಇಲ್ಲವಾದರೆ ಮೀನು ಉಸಿರುಕಟ್ಟಿ ಸಾಯುತ್ತದೆ. ನೀರು ಬರಲು ದೋಣಿಯ ತಳದಲ್ಲಿ ತೂತು ಕೊರೆದು ಒಂದು ಬಾಯಿ ಕೂರಿಸಬೇಕು. ಕೊಚ್ಚಿಯ ಸ್ನೇಹಿತರಿಂದ ಎರಡು ಬಗೆಯದು ತರಿಸಿದ್ದರು. ಒಂದು ಮುಂದಕ್ಕೆ ಬಾಯಿ ತೆರೆದ ಸೌಟಿನಂಥದ್ದು. ಇನ್ನೊಂದು ತಳಕ್ಕೆ ಅಂಟಿ ಕೂರುವ ಚಪ್ಪಟೆ ಜಾಲರಿ. ನೀರೆಳೆಯಲು ಅದಕ್ಕೆ ಬ್ಯಾಟರಿ ಪಂಪು ಬೇಕು.

ಪೈಪು ಕೊಳ್ಳಲು ಹಾರ್ಡ್‌ವೇರ್ ಅಂಗಡಿಗೆ ಹೋದಾಗ ಎರಡನ್ನೂ ಅಂಗಡಿಯವರ ಮುಂದಿಟ್ಟೆವು.

"ನೀರಿನ ಸಂಪಿಗಾ ಸಾರ್?"

"ದೋಣಿಗೆ. ತಳದಿಂದ ನೀರು ಒಳಕ್ಕೆ ಬರ್ಬೇಕು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀರು ಬರ್ಬಾರ್ದು ಅಂತ ಬರೋರ್ನೇ ನೋಡಿದ್ದೆ ಕಣ್ರೀ ಇಷ್ಟು ದಿನ."

ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಅವರ ಮೂಗಿನ ದನಿಯಲ್ಲಿ ಅದನ್ನೇ ಹೇಳಿದೆ. ಚಿಕ್ಕಪ್ಪ ನಗುತ್ತಾ ಎರಡು ಸಲ ಗಾಡಿಯನ್ನು ರಸ್ತೆಯ ಗುಂಡಿಗೆ ಇಳಿಸಿದರು.

ಇಬ್ಬರ ಮನಸ್ಸೂ ಸೌಟಿನ ಮೇಲಿತ್ತು. ನೋಡಲು ಗತ್ತಾಗಿತ್ತು, ಅಷ್ಟೇ ಕಾರಣ. ಬಿಎಸ್ಸಿ ಓದುತ್ತಿದ್ದ ನನ್ನದೂ ಅದೇ ಕಾರಣ. ಆದರೆ ತೂತು ಒಮ್ಮೆ ಕೊರೆದರೆ ಮುಗಿಯಿತು. ಮೊದಲು ಪರೀಕ್ಷೆ ಎಂದರು ಚಿಕ್ಕಪ್ಪ.

ಹಿನ್ನೀರಿನ ಅಂಚಿನಲ್ಲಿ ನಾನೇ ದೋಣಿಯಾದೆ. ಪ್ಯಾಂಟು ಮಡಿಸಿ, ಸೌಟನ್ನು ನೀರಲ್ಲಿ ಮುಳುಗಿಸಿ ಹಿಡಿದು, ಬಾಯಲ್ಲಿ ಮೋಟಾರಿನ ಸದ್ದು ಮಾಡುತ್ತಾ ಮೊಣಕಾಲುದ್ದ ನೀರಲ್ಲಿ ಓಡಿದೆ. ಅದರ ಪೈಪಿನ ತುದಿಯನ್ನು ನೀರಿನಿಂದ ನಾಲ್ಕು ಬೆರಳು ಮೇಲೆ ಹಿಡಿದು ಚಿಕ್ಕಪ್ಪ ಪಕ್ಕದಲ್ಲೇ ಓಡಿದರು. ನೀರು ಬುಳಬುಳ ಉಕ್ಕಿತು.

"ಬಂತು ಕಣೋ, ಬಂತು! ಓಡು, ನಿಲ್ಬೇಡ."

ಮೂರನೆಯ ಸುತ್ತಿಗೆ ನನ್ನ ಮೋಟಾರು ಕೆಮ್ಮಿ ನಿಂತಿತು. ಪೈಪಿನ ನೀರೂ ನಿಂತಿತು. ನಿಂತದ್ದಷ್ಟೇ ಅಲ್ಲ, ಬಂದ ದಾರಿಯಲ್ಲೇ ಸರ್ರನೆ ವಾಪಸು ಹೋಯಿತು.

"ಚಿಕ್ಕಪ್ಪ, ನೀವು ಗಾಳ ಹಾಕಿದ್ಮೇಲೆ ದೋಣಿ ಎಷ್ಟೊತ್ತು ಓಡುತ್ತೆ?"

ಅವರು ಯೋಚಿಸಿದರು. "ಓಡೋದೆಲ್ಲಿ? ಬೆಳಿಗ್ಗೆ ಕೂತ ಜಾಗದಲ್ಲೇ ಸಂಜೆವರ್ಗೂ ಇರ್ತೀನಿ."

ಅಲ್ಲಿಗೆ ತೀರ್ಮಾನವಾಯಿತು. ಜಾಲರಿಯನ್ನು ಪಂಪಿಗೆ ಜೋಡಿಸಿ ನೀರಲ್ಲಿಟ್ಟರೆ ನಾನು ನಿಂತರೂ ಕೂತರೂ ನೀರು ಬರುತ್ತಿತ್ತು. ಮಾರನೆಯ ದಿನ ದೋಣಿಯ ಹಿಂಭಾಗದಲ್ಲಿ, ಯಾವಾಗಲೂ ಮುಳುಗಿರುವ ಕಡೆ ತೂತು ಕೊರೆದು ಅದನ್ನೇ ಕೂರಿಸಿದೆವು. ಡ್ರಿಲ್ ಹಿಡಿದ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಈ ವಿಷಯ ಅಜ್ಜಿಗೆ ಹೇಳಿಲ್ಲ.

ಭಾನುವಾರ ಅಜ್ಜಿಯೇ ತಪಾಸಣೆಗೆ ಬಂದರು. ಸಿಕ್ಕ ಗೆಂಡೆಮೀನು ಒಂದು ಗಂಟೆ ತೊಟ್ಟಿಯಲ್ಲಿತ್ತು. ದೋಣಿ ದಡಕ್ಕೆ ಬಂದಾಗ ಅಜ್ಜಿ ಬಗ್ಗಿ ನೋಡಿದರು. ಮೀನು ಬಾಲ ಬಡಿದು ಅವರ ಸೀರೆಯನ್ನೆಲ್ಲ ತೋಯಿಸಿತು.

"ನೋಡೋ ಇದರ ಬಾಯಿ," ಎಂದರು ನನ್ನ ಕಡೆ ತಿರುಗಿ. "ನಿನ್ ಥರಾನೇ, ಒಂದು ಗಳಿಗೆ ಮುಚ್ಚಲ್ಲ."

ಚಿಕ್ಕಪ್ಪ ಅದನ್ನು ನೀರಿಗಿಳಿಸಿದರು. ಅದು ಒಮ್ಮೆ ಹೊರಳಿ ಹೋಗೇಬಿಟ್ಟಿತು.

"ಅಮ್ಮ, ಮತ್ತೆ ದೋಣಿ?"

"ಇರ್ಲಿ ಬುಡು," ಎಂದರು ಅಜ್ಜಿ ಸೆರಗು ಹಿಂಡುತ್ತಾ. "ಇನ್ನೊಂದು ಹಿಡಿ. ಇದು ಚಿಕ್ಕದಾಯ್ತು."